ಶಿಮ್ಮೆಲ್‌ಮನ್ ಮನೆತನ: ಅರಮನೆ ಮತ್ತು ಕಬ್ಬಿನ ಗದ್ದೆ



ಉತ್ತರ ಜರ್ಮನಿಯ ಹ್ಯಾಂಬುರ್ಗ್ ನಗರದ ಈಶಾನ್ಯಕ್ಕೆ ಆರೆನ್ಸ್‌ಬುರ್ಗ್ ಎಂಬ ಊರಿದೆ. ಅಲ್ಲಿ ನೀರು ತುಂಬಿದ ಕಂದಕದ ನಡುವೆ, ನಾಲ್ಕು ಮೂಲೆಗಳಲ್ಲಿ ನಾಲ್ಕು ಗೋಪುರಗಳುಳ್ಳ ಬಿಳಿಯ ಅರಮನೆಯೊಂದು ನಿಂತಿದೆ. 16ನೆಯ ಶತಮಾನದ ಕೊನೆಯ ಭಾಗದಲ್ಲಿ ಪೀಟರ್ ರಾಂಟ್ಸೌ ಎಂಬ ಸರದಾರ ಅದನ್ನು ಕಟ್ಟಿಸಿದ. 1759ರಲ್ಲಿ ಅದನ್ನು ಶಿಮ್ಮೆಲ್‌ಮನ್ ಮನೆತನದವರು ಕೊಂಡರು. 1930ರ ದಶಕದವರೆಗೂ ಅದು ಅವರ ಕೈಯಲ್ಲೇ ಇತ್ತು. ಈಗ ಅದು ವಸ್ತುಸಂಗ್ರಹಾಲಯ. ನೋಡಲು ಹೋದವರು ಅದರ ಕುಸುರಿ ಕೆಲಸವನ್ನೂ ಸುತ್ತಲಿನ ತೋಟವನ್ನೂ ಮೆಚ್ಚಿ ಬರುತ್ತಾರೆ. ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಯಾದವನು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಇದಕ್ಕೆಲ್ಲ ಹಣ ಎಲ್ಲಿಂದ ಬಂತು?

ಈ ಪ್ರಶ್ನೆಯ ಬೆನ್ನು ಹತ್ತಿದರೆ ನಾವು ಮೂರು ಖಂಡಗಳನ್ನು ಸುತ್ತಿ ಬರಬೇಕಾಗುತ್ತದೆ. ಬನ್ನಿ, ಇಂದು ಆ ಕೆಲಸ ಮಾಡೋಣ.

ಮೊದಲು ಆ ಕಾಲದ ಭೂಪಟವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇಂದು ಜರ್ಮನಿಯಲ್ಲಿರುವ ಹಾಲ್‌ಸ್ಟೈನ್ ಪ್ರಾಂತ 18ನೆಯ ಶತಮಾನದಲ್ಲಿ ವಿಚಿತ್ರವಾದ ಸ್ಥಿತಿಯಲ್ಲಿತ್ತು. ಜನ ಆಡುತ್ತಿದ್ದುದು ಜರ್ಮನ್ ಭಾಷೆ. ಪ್ರಾಂತವು ಪವಿತ್ರ ರೋಮನ್ ಸಾಮ್ರಾಜ್ಯಕ್ಕೆ ಸೇರಿತ್ತು. ಆದರೆ ಅದರ ಬಹುಭಾಗವನ್ನು ಆಳುತ್ತಿದ್ದವನು ಕೋಪನ್‌ಹೇಗನ್‌ನಲ್ಲಿ ಕುಳಿತಿದ್ದ ಡೆನ್ಮಾರ್ಕಿನ ರಾಜ. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋಲುವವರೆಗೂ ಈ ನಂಟು ಉಳಿಯಿತು. ಹೀಗಾಗಿ ಇಲ್ಲಿನ ದೊಡ್ಡ ಮನೆತನಗಳಿಗೆ ಎರಡು ಮುಖ. ಮನೆಯಲ್ಲಿ ಜರ್ಮನ್ ಮಾತು, ಆಸ್ಥಾನದಲ್ಲಿ ಡೆನ್ಮಾರ್ಕಿನ ಸೇವೆ. ಶಿಮ್ಮೆಲ್‌ಮನ್ ಮನೆತನ ಅಂಥವುಗಳಲ್ಲೊಂದು.

ಆದರೆ ಈ ಮನೆತನ ಹುಟ್ಟಿನಿಂದ ಸರದಾರರದಲ್ಲ. ಅದನ್ನು ಬೆಳೆಸಿದ ಹೈನ್ರಿಕ್ ಕಾರ್ಲ್ ಶಿಮ್ಮೆಲ್‌ಮನ್ 1724ರಲ್ಲಿ ಪೊಮೆರೇನಿಯದ ಡೆಮ್ಮಿನ್ ಎಂಬ ಸಣ್ಣ ಪಟ್ಟಣದಲ್ಲಿ ವರ್ತಕನ ಮಗನಾಗಿ ಹುಟ್ಟಿದ. ಅವನ ಅದೃಷ್ಟ ತೆರೆದದ್ದು ಯುದ್ಧದಿಂದ. 1756ರಲ್ಲಿ ಪ್ರಶ್ಯದ ರಾಜ ಎರಡನೆಯ ಫ್ರೆಡರಿಕ್ ಸ್ಯಾಕ್ಸನಿಯನ್ನು ಆಕ್ರಮಿಸಿದಾಗ ಏಳು ವರ್ಷಗಳ ಯುದ್ಧ ಆರಂಭವಾಯಿತು. ಶಿಮ್ಮೆಲ್‌ಮನ್ ಪ್ರಶ್ಯದ ಸೈನ್ಯಕ್ಕೆ ಧಾನ್ಯ ಒದಗಿಸಿದ. ರಾಜ ವಶಪಡಿಸಿಕೊಂಡಿದ್ದ ಹೆಸರಾಂತ ಮೈಸೆನ್ ಪಿಂಗಾಣಿಯ ದಾಸ್ತಾನನ್ನು ಕೊಂಡು ಹ್ಯಾಂಬುರ್ಗ್‌ನಲ್ಲಿ ಮಾರಿ ಅಪಾರ ಲಾಭ ಗಳಿಸಿದ.

ಹಣ ಬಂದ ಮೇಲೆ ಬೇಕಾದದ್ದು ಭೂಮಿ ಮತ್ತು ಬಿರುದು. 1759ರಲ್ಲಿ ಆರೆನ್ಸ್‌ಬುರ್ಗ್ ಬಂತು. 1762ರಲ್ಲಿ ಹ್ಯಾಂಬುರ್ಗ್‌ಗೆ ಅಂಟಿಕೊಂಡಂತಿದ್ದ ವಾಂಡ್ಸ್‌ಬೆಕ್ ಬಂತು. ಅದೇ ವರ್ಷ ಡೆನ್ಮಾರ್ಕಿನ ಜುಟ್ಲಂಡ್ ಪ್ರಾಂತದ ಲಿಂಡೆನ್‌ಬೋರ್ಗ್ ಆಸ್ತಿಯೊಡನೆ ಬ್ಯಾರನ್ ಪದವಿ ಬಂತು. ಕೋಪನ್‌ಹೇಗನ್‌ನಲ್ಲಿ ಒಂದು ಭವ್ಯ ಸೌಧವೂ ಸೇರಿತು. ಸಾಲದಲ್ಲಿ ಮುಳುಗಿದ್ದ ಡೆನ್ಮಾರ್ಕಿನ ರಾಜನಿಗೆ ಹಣಕಾಸು ಬಲ್ಲ ಮನುಷ್ಯ ಬೇಕಾಗಿದ್ದ. ಶಿಮ್ಮೆಲ್‌ಮನ್ ಆ ರಾಜ್ಯದ ಬೊಕ್ಕಸದ ಮೇಲ್ವಿಚಾರಕನಾದ. 1779ರಲ್ಲಿ ಕೌಂಟ್ ಪದವಿಗೂ ಏರಿದ. ವರ್ತಕನ ಮಗ ಇಪ್ಪತ್ತು ವರ್ಷಗಳಲ್ಲಿ ರಾಜ್ಯದ ಅತ್ಯಂತ ಶ್ರೀಮಂತರಲ್ಲೊಬ್ಬನಾದ.

ಇಲ್ಲಿಯವರೆಗಿನ ಕಥೆ ಜಾಣ ವ್ಯಾಪಾರಿಯೊಬ್ಬನ ಏಳಿಗೆಯ ಕಥೆಯಂತೆ ಕಾಣುತ್ತದೆ. ಆದರೆ ಅವನ ಆಸ್ತಿಗಳ ಪಟ್ಟಿ ಇಲ್ಲಿಗೆ ಮುಗಿಯುವುದಿಲ್ಲ.

ಅಟ್ಲಾಂಟಿಕ್ ಸಾಗರದ ಆಚೆ, ಕೆರಿಬಿಯನ್ ಸಮುದ್ರದಲ್ಲಿ ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರಾಯ್ ಎಂಬ ಮೂರು ಪುಟ್ಟ ದ್ವೀಪಗಳಿವೆ. ಆಗ ಅವು ಡೆನ್ಮಾರ್ಕಿನ ವಸಾಹತುಗಳು. ಅಲ್ಲಿನ ಮುಖ್ಯ ಬೆಳೆ ಕಬ್ಬು. 1763ರಲ್ಲಿ ರಾಜ ತನ್ನ ಸ್ವಂತ ಕಬ್ಬಿನ ತೋಟಗಳನ್ನೂ ಕೋಪನ್‌ಹೇಗನ್‌ನ ಸಕ್ಕರೆ ಕಾರ್ಖಾನೆಯನ್ನೂ ಮಾರಾಟಕ್ಕಿಟ್ಟಾಗ ಕೊಂಡವನು ಶಿಮ್ಮೆಲ್‌ಮನ್. ಸೇಂಟ್ ಕ್ರಾಯ್‌ನ ಲಾ ಗ್ರಾಂಜ್ ಮತ್ತು ಪ್ರಿನ್ಸೆಸ್, ಸೇಂಟ್ ಜಾನ್‌ನ ಕ್ಯಾರೊಲಿನಾ ಈ ತೋಟಗಳಲ್ಲಿ ದೊಡ್ಡವು. ತೋಟಗಳೊಡನೆ ಅಲ್ಲಿ ದುಡಿಯುತ್ತಿದ್ದ ಮನುಷ್ಯರೂ ಮಾರಾಟವಾದರು. ಕಾಲಕ್ರಮದಲ್ಲಿ ಸುಮಾರು ಒಂದು ಸಾವಿರ ಗುಲಾಮರಿಗೆ ಆತ ಒಡೆಯನಾದ.

ಕಬ್ಬಿನ ಕೆಲಸ ಎಂಥದೆಂದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಕಡಿದ ಕಬ್ಬನ್ನು ಹೆಚ್ಚು ಹೊತ್ತು ಇಡುವಂತಿಲ್ಲ, ರಸ ಕೆಡುತ್ತದೆ. ಆದ್ದರಿಂದ ಕಟಾವಿನ ಕಾಲದಲ್ಲಿ ಗಾಣ ಹಗಲಿರುಳೂ ತಿರುಗಬೇಕು, ಕೊಪ್ಪರಿಗೆ ಕುದಿಯುತ್ತಿರಬೇಕು. ಆ ದ್ವೀಪಗಳಲ್ಲಿ ಈ ದುಡಿಮೆಗೆ ಕೂಲಿ ಇರಲಿಲ್ಲ. ತಪ್ಪಿಸಿಕೊಂಡವರಿಗೆ ಕಠೋರ ಶಿಕ್ಷೆ ಇತ್ತು. ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಬರಿದಾದ ಜಾಗಗಳನ್ನು ತುಂಬಲು ಆಫ್ರಿಕದಿಂದ ಹಡಗುಗಳಲ್ಲಿ ಹೊಸಬರನ್ನು ತರುತ್ತಿದ್ದರು. ಡೆನ್ಮಾರ್ಕಿನ ಬಾವುಟ ಹೊತ್ತ ಹಡಗುಗಳು ಒಟ್ಟಾರೆ ಒಂದು ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಸಾಗಿಸಿದವು.

ಈ ವ್ಯಾಪಾರಕ್ಕೆ ತ್ರಿಕೋನ ವ್ಯಾಪಾರ ಎಂಬ ಹೆಸರಿದೆ. ಯುರೋಪಿನಿಂದ ಬಂದೂಕು, ಮದ್ದು, ಬ್ರಾಂದಿ, ಬಟ್ಟೆ ಹೇರಿಕೊಂಡು ಹಡಗು ಆಫ್ರಿಕದ ಗಿನಿ ಕರಾವಳಿಗೆ ಹೋಗುತ್ತಿತ್ತು. ಇಂದಿನ ಘಾನಾ ದೇಶದ ಅಕ್ರಾ ನಗರದಲ್ಲಿರುವ ಕ್ರಿಸ್ಟಿಯಾನ್ಸ್‌ಬೋರ್ಗ್ ಕೋಟೆ ಅಲ್ಲಿ ಡೇನರ ನೆಲೆ. ಆ ಸರಕಿಗೆ ಬದಲಾಗಿ ಮನುಷ್ಯರನ್ನು ತುಂಬಿಕೊಂಡು ಹಡಗು ಕೆರಿಬಿಯನ್ನಿಗೆ ಹೋಗುತ್ತಿತ್ತು. ಅಲ್ಲಿಂದ ಸಕ್ಕರೆ ಹೇರಿಕೊಂಡು ಕೋಪನ್‌ಹೇಗನ್‌ಗೆ ಮರಳುತ್ತಿತ್ತು. ಶಿಮ್ಮೆಲ್‌ಮನ್‌ನ ಜಾಣ್ಮೆ ಏನೆಂದರೆ, ಈ ಸುತ್ತಿನ ಹಲವು ಘಟ್ಟಗಳಲ್ಲಿ ಅವನದೇ ಒಂದು ಆಸ್ತಿ ಇರುತ್ತಿತ್ತು. ಕೋಪನ್‌ಹೇಗನ್‌ನ ಉತ್ತರಕ್ಕಿರುವ ಹೆಲ್ಲೆಬೆಕ್‌ನಲ್ಲಿ ಬಂದೂಕಿನ ಕಾರ್ಖಾನೆ ಅವನದು. ವಾಂಡ್ಸ್‌ಬೆಕ್ ಹತ್ತಿಬಟ್ಟೆಗೆ ಅಚ್ಚು ಹಾಕುವ ಕಸುಬಿಗೆ ಹೆಸರಾಗಿತ್ತು. ಕಬ್ಬಿನ ತೋಟ ಅವನದು. ಸಕ್ಕರೆ ಶುದ್ಧಿ ಮಾಡುವ ಕಾರ್ಖಾನೆಯೂ ಅವನದು.

ಈ ಜಾಲದ ಒಂದು ಎಳೆ ನಮ್ಮ ದೇಶವನ್ನೂ ಮುಟ್ಟಿದೆ. ತಮಿಳುನಾಡಿನ ಕರಾವಳಿಯ ತರಂಗಂಬಾಡಿ 1620ರಿಂದ 1845ರವರೆಗೆ ಡೇನರ ವಶದಲ್ಲಿತ್ತು. ಭಾರತದ ನೇಕಾರರು ನೆಯ್ದ ಹತ್ತಿಬಟ್ಟೆ ಡೇನರ ಹಡಗುಗಳಲ್ಲಿ ಕೋಪನ್‌ಹೇಗನ್ ಸೇರುತ್ತಿತ್ತು. ಅದರಲ್ಲಿ ಒಂದು ಪಾಲು ಗಿನಿ ಕರಾವಳಿಗೆ ಹೋಗಿ ಗುಲಾಮರ ಬೆಲೆಯಾಗಿ ಸಲ್ಲುತ್ತಿತ್ತು. ತಾನು ನೆಯ್ದ ಬಟ್ಟೆ ಎಲ್ಲಿಗೆ ಹೋಯಿತು, ಯಾವುದಕ್ಕೆ ವಿನಿಮಯವಾಯಿತು ಎಂಬುದು ಆ ನೇಕಾರನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಹಾಲ್‌ಸ್ಟೈನ್‌ನ ಹಳ್ಳಿಗರೂ ಪೂರ್ಣ ಸ್ವತಂತ್ರರಾಗಿರಲಿಲ್ಲ ಎಂಬುದನ್ನು ಇಲ್ಲೇ ಹೇಳಬೇಕು. ಅಲ್ಲಿನ ದೊಡ್ಡ ಆಸ್ತಿಗಳ ರೈತರಲ್ಲಿ ಹೆಚ್ಚಿನವರು ಭೂಮಿಗೆ ಕಟ್ಟುಬಿದ್ದವರು. ಒಡೆಯನ ಅಪ್ಪಣೆ ಇಲ್ಲದೆ ಊರು ಬಿಡುವಂತಿಲ್ಲ, ಮದುವೆಯಾಗುವಂತಿಲ್ಲ. ಈ ಪದ್ಧತಿ ಕಾನೂನಿನಿಂದ ರದ್ದಾದದ್ದು 1805ರ ಜನವರಿ 1ರಂದು. ಆದರೆ ರೈತನಿಗೂ ಗುಲಾಮನಿಗೂ ಒಂದು ದೊಡ್ಡ ಅಂತರವಿತ್ತು. ರೈತ ಕಟ್ಟುಬಿದ್ದದ್ದು ನೆಲಕ್ಕೆ. ಗುಲಾಮನಾದರೋ ಪೇಟೆಯಲ್ಲಿ ಮಾರಾಟದ ಸರಕು.

ಹೈನ್ರಿಕ್ ಕಾರ್ಲ್ 1782ರಲ್ಲಿ ತೀರಿಕೊಂಡ. ಅವನ ಮಗ ಎರ್ನ್‌ಸ್ಟ್ ಶಿಮ್ಮೆಲ್‌ಮನ್ ತಂದೆಗಿಂತ ಬೇರೆ ಬಗೆಯ ಮನುಷ್ಯ. ಓದುಗ, ಕಲೆ ಮತ್ತು ತತ್ತ್ವಶಾಸ್ತ್ರಗಳ ಪ್ರೇಮಿ. ಜರ್ಮನಿಯ ಮಹಾಕವಿ ಷಿಲ್ಲರ್ ರೋಗ ಮತ್ತು ಬಡತನದಿಂದ ನರಳುತ್ತಿದ್ದಾಗ, 1791ರಲ್ಲಿ, ಆಗಸ್ಟೆನ್‌ಬುರ್ಗ್‌ನ ಡ್ಯೂಕನೊಡನೆ ಸೇರಿ ಮೂರು ವರ್ಷಗಳ ಕಾಲ ವರ್ಷಕ್ಕೆ ಸಾವಿರ ಥಾಲರ್ ನೆರವು ಕೊಟ್ಟವನು ಈತನೇ. ಇವನ ತಂಗಿ ಯೂಲಿಯೆ ರೆವೆಂಟ್ಲೌ ಮನೆತನಕ್ಕೆ ಸೊಸೆಯಾಗಿ ಹೋಗಿ, ಹಾಲ್‌ಸ್ಟೈನ್‌ನ ಎಂಕೆಂಡಾರ್ಫ್ ಅರಮನೆಯನ್ನು ಕವಿಗಳು ಸೇರುವ ತಾಣವಾಗಿಸಿದಳು.

ಎರ್ನ್‌ಸ್ಟ್ 1784ರಿಂದ ಡೆನ್ಮಾರ್ಕಿನ ಹಣಕಾಸು ಸಚಿವ. ಗುಲಾಮ ವ್ಯಾಪಾರದ ವಿರುದ್ಧ ಇಂಗ್ಲೆಂಡಿನಲ್ಲಿ ಎದ್ದ ಚಳವಳಿಯನ್ನು ಆತ ಗಮನವಿಟ್ಟು ನೋಡುತ್ತಿದ್ದ. 1791ರಲ್ಲಿ ಈ ವಿಷಯದ ವಿಚಾರಣೆಗೆ ಒಂದು ಆಯೋಗ ನೇಮಕವಾಯಿತು. ಅದರ ಪ್ರೇರಕ ಶಕ್ತಿ ಅವನೇ. ಮರುವರ್ಷ, 1792ರ ಮಾರ್ಚ್ 16ರಂದು, ರಾಜಾಜ್ಞೆ ಹೊರಟಿತು. ಡೆನ್ಮಾರ್ಕಿನ ಪ್ರಜೆಗಳು ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ತೊಡಗಕೂಡದು! ಯುರೋಪಿನ ರಾಜ್ಯಗಳಲ್ಲಿ ಇಂಥ ಕಾನೂನು ಮಾಡಿದ ಮೊದಲನೆಯದು ಡೆನ್ಮಾರ್ಕ್. ಬ್ರಿಟನ್ನಿನ ಕಾನೂನು ಬಂದದ್ದು 1807ರಲ್ಲಿ.

ಇಲ್ಲಿ ಚಪ್ಪಾಳೆ ತಟ್ಟಿ ಪಾಠ ಮುಗಿಸಿಬಿಡಬಹುದು. ಆದರೆ ಆಜ್ಞೆಯನ್ನು ಇನ್ನಷ್ಟು ಓದೋಣ. ನಿಷೇಧ ಜಾರಿಗೆ ಬರುವುದು 1803ರ ಜನವರಿ 1ರಿಂದ. ಅಂದರೆ ಹತ್ತು ವರ್ಷಗಳಿಗೂ ಹೆಚ್ಚು ಅವಕಾಶ. ಆ ಅವಧಿಯಲ್ಲಿ ತೋಟದ ಒಡೆಯರು ಹೆಚ್ಚು ಗುಲಾಮರನ್ನು ಕೊಳ್ಳಲೆಂದು ಸರಕಾರವೇ ಸಾಲ ಕೊಟ್ಟಿತು. ಹೊಲದ ಕೆಲಸಕ್ಕೆ ಹೆಂಗಸರನ್ನು ತಂದರೆ ತೆರಿಗೆಯ ರಿಯಾಯಿತಿ. ಏಕೆ? ಹೆಂಗಸರ ಸಂಖ್ಯೆ ಹೆಚ್ಚಾದರೆ ಮಕ್ಕಳು ಹುಟ್ಟುತ್ತಾರೆ, ಆಮೇಲೆ ಆಫ್ರಿಕದಿಂದ ಆಳುಗಳನ್ನು ತರಿಸುವ ಖರ್ಚು ಉಳಿಯುತ್ತದೆ ಎಂಬ ಲೆಕ್ಕ. ಇದಿಷ್ಟೇ ಅಲ್ಲ. ಆಜ್ಞೆ ನಿಲ್ಲಿಸಿದ್ದು ವ್ಯಾಪಾರವನ್ನು ಮಾತ್ರ, ಗುಲಾಮಗಿರಿಯನ್ನಲ್ಲ. ಲಾ ಗ್ರಾಂಜ್ ತೋಟದ ಗುಲಾಮ ಗುಲಾಮನಾಗಿಯೇ ಉಳಿದ. ಅಂಥ ತೋಟಗಳ ಆದಾಯ ಈ ಮನೆತನಕ್ಕೆ ಬರುತ್ತಲೇ ಇತ್ತು.

ಹಾಗಾದರೆ ಎರ್ನ್‌ಸ್ಟ್ ಒಳ್ಳೆಯವನೇ, ಕೆಟ್ಟವನೇ ಎಂದು ನೀವು ಕೇಳಬಹುದು. ಪರೀಕ್ಷೆಯಲ್ಲಿ ಒಂದು ಸಾಲಿನ ಉತ್ತರ ಬರೆಯುವಂಥ ಪ್ರಶ್ನೆಯಲ್ಲ ಇದು. ಸ್ವಂತ ತೋಟಗಳಿದ್ದೂ ಆ ವ್ಯಾಪಾರ ನಿಲ್ಲಬೇಕೆಂದು ಅವನು ದುಡಿದದ್ದು ನಿಜ. ಅವನ ಕಾನೂನಿನಿಂದ ಮುಂದೆ ಅನೇಕರು ಆ ಹಡಗುಗಳಿಂದ ಪಾರಾದದ್ದೂ ನಿಜ. ಆದರೆ ನ್ಯಾಯ ಎಷ್ಟು ವರ್ಷ ಕಾಯಬಹುದು ಎಂಬುದನ್ನು ಅವನು ಒಡೆಯನ ಲೆಕ್ಕದ ಪುಸ್ತಕದಿಂದ ಅಳೆದ. ಹಡಗಿನ ತಳದಲ್ಲಿ ಸರಪಳಿಯಲ್ಲಿದ್ದವನಿಗೆ ಆ ಹತ್ತು ವರ್ಷಗಳ ಅರ್ಥವೇ ಬೇರೆ.

ಅಂಥದೇ ಲೆಕ್ಕ ಮತ್ತೊಮ್ಮೆ ನಡೆಯಿತು. 1847ರಲ್ಲಿ ಡೆನ್ಮಾರ್ಕಿನ ರಾಜ ಇನ್ನೊಂದು ಆಜ್ಞೆ ಹೊರಡಿಸಿದ. ಇನ್ನು ಮುಂದೆ ಹುಟ್ಟುವ ಮಕ್ಕಳು ಸ್ವತಂತ್ರರು, ಉಳಿದವರಿಗೆ ಹನ್ನೆರಡು ವರ್ಷಗಳ ನಂತರ ಬಿಡುಗಡೆ! ಈ ಸಲ ಗುಲಾಮರು ಕಾಯಲಿಲ್ಲ. 1848ರ ಜುಲೈ 3ರಂದು ಸೇಂಟ್ ಕ್ರಾಯ್‌ನ ಫ್ರೆಡರಿಕ್‌ಸ್ಟೆಡ್ ಪಟ್ಟಣದ ಕೋಟೆಯ ಮುಂದೆ ಸಾವಿರಾರು ಮಂದಿ ಸೇರಿ ಬಿಡುಗಡೆ ಕೇಳಿದರು. ಅವರ ಮುಂದಾಳುಗಳಲ್ಲಿ ಒಬ್ಬನನ್ನು ಜನ ಬಡ್ಡೋ ಎಂದು ಕರೆಯುತ್ತಿದ್ದರು. ಗವರ್ನರ್ ಪೀಟರ್ ಫಾನ್ ಶೋಲ್ಟೆನ್ ಅಂದೇ ಎಲ್ಲರೂ ಸ್ವತಂತ್ರರೆಂದು ಘೋಷಿಸಿದ. ಹನ್ನೆರಡು ವರ್ಷಗಳ ಕೆಲಸ ಒಂದು ದಿನದಲ್ಲಿ ಆಯಿತು. 1917ರಲ್ಲಿ ಡೆನ್ಮಾರ್ಕ್ ಆ ದ್ವೀಪಗಳನ್ನು 2.5 ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿತು. ಲಾ ಗ್ರಾಂಜ್, ಪ್ರಿನ್ಸೆಸ್ ಎಂಬ ಹೆಸರುಗಳು ಸೇಂಟ್ ಕ್ರಾಯ್‌ನಲ್ಲಿ ಇಂದಿಗೂ ಊರಿನ ಹೆಸರುಗಳಾಗಿ ಉಳಿದಿವೆ.

ಮತ್ತೆ ವಾಂಡ್ಸ್‌ಬೆಕ್‌ಗೆ ಬರೋಣ. ಅದು ಈಗ ಹ್ಯಾಂಬುರ್ಗ್ ನಗರದ ಒಂದು ಭಾಗ. ಹೈನ್ರಿಕ್ ಕಾರ್ಲ್ ಕಟ್ಟಿಸಿದ ಅರಮನೆಯನ್ನು 1861ರಲ್ಲಿ ಕೆಡವಲಾಯಿತು. ಅವನ ಸಮಾಧಿ ಮಂದಿರ ಮಾತ್ರ ಚರ್ಚಿನ ಪಕ್ಕದಲ್ಲಿ ನಿಂತಿದೆ. ಇದೇ ವಾಂಡ್ಸ್‌ಬೆಕ್‌ನಲ್ಲಿ, ಅವನದೇ ಕಾಲದಲ್ಲಿ, ಮತ್ತಿಯಾಸ್ ಕ್ಲೌಡಿಯಸ್ ಎಂಬ ಕವಿ ಒಂದು ಪತ್ರಿಕೆಯ ಸಂಪಾದಕನಾಗಿದ್ದ. ಕಬ್ಬಿನ ತೋಟದ ಕಪ್ಪು ಗುಲಾಮನೊಬ್ಬನ ಬಾಯಲ್ಲಿ ಅವನ ದುಃಖವನ್ನು ಹೇಳಿಸುವ ಪುಟ್ಟ ಕವಿತೆಯೊಂದನ್ನು ಈ ಕವಿ ಬರೆದಿದ್ದಾನೆ. ಆದ್ದರಿಂದ, ಆ ಕಾಲದವರಿಗೆ ಇದು ಗೊತ್ತಿರಲಿಲ್ಲ ಎಂದು ಹೇಳಿ ನಾವು ಸುಮ್ಮನಾಗುವಂತಿಲ್ಲ. ತೋಟದೊಡೆಯನ ಊರಿನಲ್ಲೇ ಗೊತ್ತಿದ್ದವರಿದ್ದರು.

2006ರಲ್ಲಿ ವಾಂಡ್ಸ್‌ಬೆಕ್‌ನಲ್ಲಿ ಹೈನ್ರಿಕ್ ಕಾರ್ಲ್‌ನ ಒಂದು ಪ್ರತಿಮೆ ನಿಲ್ಲಿಸಿದರು. ಊರನ್ನು ಬೆಳೆಸಿದವನು ಎಂಬುದು ನಿಲ್ಲಿಸಿದವರ ವಾದ. ಗುಲಾಮರನ್ನು ಮಾರಿ ಬೆಳೆದವನಿಗೆ ಗೌರವ ಏಕೆ ಎಂದು ಅನೇಕರು ಪ್ರತಿಭಟಿಸಿದರು. 2008ರಲ್ಲಿ ಪ್ರತಿಮೆಯನ್ನು ತೆಗೆದರು. ಎರಡು ಶತಮಾನಗಳ ಹಿಂದೆ ಸತ್ತವನ ವಿಚಾರಕ್ಕೆ ಇಷ್ಟು ಗದ್ದಲವೇ ಎಂದು ನಿಮಗೆ ಅನ್ನಿಸಬಹುದು. ಅದು ಸತ್ತವನ ಬಗೆಗಿನ ಗದ್ದಲವಲ್ಲ. ಯಾರ ಹೆಸರನ್ನು ಕಲ್ಲಿನಲ್ಲಿ ಉಳಿಸುತ್ತೇವೆ, ಯಾರ ಹೆಸರನ್ನು ಮರೆಯುತ್ತೇವೆ ಎಂದು ಬದುಕಿರುವವರು ಮಾಡುವ ನಿರ್ಧಾರ ಅದು.

ಮಿತ್ರರೇ, ಆರೆನ್ಸ್‌ಬುರ್ಗ್‌ನ ಅರಮನೆಯನ್ನು ಕೆಡವಬೇಕೆಂದು ನಾನು ಹೇಳುತ್ತಿಲ್ಲ. ಅದು ಉಳಿಯಲಿ. ಆದರೆ ಒಂದು ಆಸ್ತಿಯ ಗಡಿಯನ್ನು ಅದರ ಬೇಲಿಯವರೆಗೆ ಮಾತ್ರ ಅಳೆಯಬೇಡಿ. ಈ ಅರಮನೆಯ ನಿಜವಾದ ಗಡಿ ಹೆಲ್ಲೆಬೆಕ್‌ನ ಕುಲುಮೆ, ಅಕ್ರಾದ ಕೋಟೆ, ಸೇಂಟ್ ಕ್ರಾಯ್‌ನ ಕಬ್ಬಿನ ಗದ್ದೆಗಳವರೆಗೆ ಹರಡಿದೆ. ನಿಮ್ಮ ಪಠ್ಯಪುಸ್ತಕದಲ್ಲಿ ಭವ್ಯವಾದ ಕಟ್ಟಡದ ಚಿತ್ರ ಕಂಡಾಗ, ಕಟ್ಟಿಸಿದವರ ಹೆಸರಿನ ಕೆಳಗೆ ಇನ್ನೆರಡು ಪ್ರಶ್ನೆ ಬರೆದಿಟ್ಟುಕೊಳ್ಳಿ. ದುಡಿದವರು ಯಾರು? ಅವರಿಗೆ ಏನು ಸಿಕ್ಕಿತು? ಉತ್ತರ ಹುಡುಕುವ ಶ್ರಮ ನಿಮ್ಮದು. ಇತಿಹಾಸದ ನಿಜವಾದ ಅಭ್ಯಾಸ ಆ ಶ್ರಮದಿಂದಲೇ ಆರಂಭವಾಗುತ್ತದೆ.