ಇತಿಹಾಸದ ಪಾಠಕ್ಕೆ ಸಾಕ್ಷ್ಯ ಬೇಡವೇ?
(ಉಪಾಧ್ಯಾಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಕೀಲನು. ಸಾಕ್ಷ್ಯವಿಲ್ಲದ ಮಾತನ್ನು ನ್ಯಾಯಾಸನವು ನಂಬದೆಂಬುದು ನನ್ನ ವೃತ್ತಿಯ ಮೊದಲ ಪಾಠ. ಆದರೆ ನಮ್ಮ ಹುಡುಗರು ಇತಿಹಾಸವನ್ನು ಸಾಕ್ಷ್ಯವನ್ನೇ ಕಾಣದೆ ಬಾಯಿಪಾಠ ಮಾಡುತ್ತಾರೆ. ಇಮ್ಮಡಿ ಪುಲಿಕೇಶಿಯು ಹರ್ಷನನ್ನು ತಡೆದನೆಂದು ಒಪ್ಪಿಸುತ್ತಾರೆ. ಅದನ್ನು ಹೇಗೆ ಬಲ್ಲಿರೆಂದು ಕೇಳಿದರೆ ಮೌನ.

ಉತ್ತರವು ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲಿದೆ. ಕ್ರಿ. ಶ. 634ರಲ್ಲಿ ರವಿಕೀರ್ತಿಯು ರಚಿಸಿದ ಆ ಶಾಸನದ ಸಾರವನ್ನು ಮಕ್ಕಳ ಮುಂದಿಡಿರಿ. ರವಿಕೀರ್ತಿಯಾದರೋ ಪುಲಿಕೇಶಿಯ ಆಶ್ರಿತನು. ಅವನ ಹೊಗಳಿಕೆಯನ್ನು ಹಾಗೆಯೇ ನಂಬಬಹುದೇ? ಹುಡುಗರೇ ಪಾಟೀಸವಾಲು ಮಾಡಲಿ. ಆಮೇಲೆ ಎರಡನೆಯ ಸಾಕ್ಷಿಯನ್ನು ಕರೆಯಿರಿ. ಹರ್ಷನ ಆದರಕ್ಕೆ ಪಾತ್ರನಾದ ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗನೂ ಹರ್ಷನಿಂದ ಈ ಅರಸನನ್ನು ಗೆಲ್ಲಲಾಗಲಿಲ್ಲವೆಂದೇ ಬರೆದಿದ್ದಾನೆ. ಎದುರು ಪಕ್ಷದವನ ಒಪ್ಪಿಗೆಗಿಂತ ಬಲವಾದ ಸಾಕ್ಷ್ಯವುಂಟೇ?

ಆದರೆ ಇಲ್ಲಿಗೇ ಪುಸ್ತಕವನ್ನು ಮುಚ್ಚತಕ್ಕದ್ದಲ್ಲ. 642ರ ಸುಮಾರಿಗೆ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದನು. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲೆಯೇ ಇದೆ. ಇದನ್ನು ಬಚ್ಚಿಟ್ಟರೆ ಮಕ್ಕಳಲ್ಲಿ ನಾಡಿನ ಅಭಿಮಾನವು ಬೆಳೆಯುವುದೆಂದು ಕೆಲವರ ಎಣಿಕೆ. ನಾನು ಒಪ್ಪೆನು. ಸೋಲನ್ನು ಮರೆಮಾಡಿದಿರೆಂದು ಮುಂದೊಂದು ದಿನ ಅರಿತ ಹುಡುಗನು, ನೀವು ಕಲಿಸಿದ ಗೆಲುವನ್ನೂ ಸುಳ್ಳೆಂದಾನು.

ನಿಮ್ಮೂರ ಗುಡಿಯ ಬಳಿ ವೀರಗಲ್ಲೊಂದು ಇದ್ದೀತು. ಬರುವ ವಾರ ತರಗತಿಯನ್ನು ಅಲ್ಲಿಗೆ ಕರೆದೊಯ್ಯಿರಿ. ಮಡಿದವನಾರು, ಏತಕ್ಕಾಗಿ ಮಡಿದನು, ಕಲ್ಲನ್ನು ನಿಲ್ಲಿಸಿದವರಾರು ಎಂಬುದನ್ನು ಹುಡುಗರೇ ನೋಡಿ ವಿಚಾರಿಸಲಿ. ಇತಿಹಾಸದ ಪಾಠವು ಅಲ್ಲಿಂದಲೇ ಮೊದಲಾಗಲಿ.