ಮಿಶ್ರ ತಳಿಯ ಆಕಳಿಗೆ ಬರುವ ಉಣ್ಣಿ ಜ್ವರ



ಹೋದ ವರ್ಷ ಮುಂಗಾರಿನಲ್ಲಿ ನರಗುಂದದ ಕಡೆಯ ಒಂದು ಹಳ್ಳಿಯಲ್ಲಿ ಹೆಸರಿನ ಬೆಳೆ ನೋಡಿಕೊಂಡು ಹಿಂದಿರುಗುತ್ತಿದ್ದೆ. ಒಬ್ಬ ತಾಯಿ ಬಾಗಿಲಲ್ಲಿ ನಿಂತು ಕರೆದರು. "ಸಾಹೇಬ್ರ, ಸ್ವಲ್ಪ ಒಳಗ ಬರ್ರಿ. ಮೂರು ದಿನಾ ಆತು, ಆಕಳಾ ಮೇವು ಮುಟ್ಟವಲ್ದು."

ಸಾಲ ಮಾಡಿ ತಂದ ಮಿಶ್ರ ತಳಿಯ ಆಕಳು. ಮೈ ಕೆಂಡದಂತೆ ಸುಡುತ್ತಿತ್ತು. ಕಿವಿಯ ಬುಡದಲ್ಲಿ, ಭುಜದ ಮುಂದೆ ನಿಂಬೆಹಣ್ಣಿನಂಥ ಗಂಟು ಎದ್ದಿದ್ದವು. ಅದೇ ದಂದಕ್ಕಿಯಲ್ಲಿ ಕಟ್ಟಿದ್ದ ಜವಾರಿ ಆಕಳು ಮಾತ್ರ ಕಣಿಕಿ ತಿನ್ನುತ್ತ ಆರಾಮಾಗಿ ನಿಂತಿತ್ತು. "ಯಾರದೋ ಕಣ್ಣು ಬಿದ್ದೈತ್ರಿ" ಅಂದರು. ಪಶು ವೈದ್ಯರನ್ನು ಕರೆಸಿದೆವು, ಆದರೆ ವೇಳೆ ಮೀರಿತ್ತು. ಐದನೆಯ ದಿನ ಆಕಳು ಸತ್ತಿತು. ಸಾಲ ಮಾತ್ರ ಉಳಿಯಿತು.

ಒಂದೇ ಮನೆ, ಒಂದೇ ಮೇವು. ಒಂದು ಸತ್ತು ಇನ್ನೊಂದು ಉಳಿದದ್ದು ಏಕೆ? ನಾನು ದನದ ಡಾಕ್ಟರ್ ಅಲ್ಲ. ಆದರೂ ವೈದ್ಯರಿಂದ ಕೇಳಿ ತಿಳಿದದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಈ ರೋಗದ ಹೆಸರು ಥೈಲೇರಿಯಾ. ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿ ಇದಕ್ಕೆ ಕಾರಣ. ಮರಿ ಉಣ್ಣಿಯು ರೋಗದ ಬೀಜ ಹೊತ್ತ ದನದ ರಕ್ತ ಕುಡಿಯುತ್ತದೆ. ಪೊರೆ ಕಳಚಿ ದೊಡ್ಡದಾದ ಮೇಲೆ ಇನ್ನೊಂದು ದನವನ್ನು ಕಚ್ಚಿ, ಜೊಲ್ಲಿನ ಕೂಡ ಆ ಜೀವಿಯನ್ನು ಒಳಗೆ ಬಿಡುತ್ತದೆ.

ದನದ ರಕ್ತದಲ್ಲಿ ಬಿಳಿ ಕಣಗಳೆಂಬ ಕಾವಲುಗಾರರಿದ್ದಾರೆ. ಹೊರಗಿನಿಂದ ಬಂದ ರೋಗಾಣುವನ್ನು ಹಿಡಿದು ಕೊಲ್ಲುವುದು ಅವರ ಕೆಲಸ. ಆದರೆ ಈ ಕಳ್ಳ ಕಾವಲುಗಾರನ ಹೊಟ್ಟೆಯೊಳಗೇ ಹೊಕ್ಕು ಮನೆ ಮಾಡುತ್ತಾನೆ. ಬಿಳಿ ಕಣ ಒಂದಿದ್ದದ್ದು ಎರಡಾದಾಗ ತಾನೂ ಎರಡಾಗುತ್ತಾನೆ. ಗಂಟುಗಳು ಈ ಕಾವಲುಗಾರರ ಠಾಣೆಗಳು, ಅದಕ್ಕೇ ಅವು ಊದುತ್ತವೆ. ಮುಂದೆ ಕೆಂಪು ಕಣಗಳಿಗೂ ನುಗ್ಗಿದಾಗ ರಕ್ತ ಕಡಿಮೆಯಾಗಿ ಕಣ್ಣು ಬಿಳುಚುತ್ತದೆ. ಬಿಹಾರ, ಬಂಗಾಳದ ಕಡೆ ಮನುಷ್ಯರಿಗೆ ಮರಳುನೊಣದಿಂದ ಬರುವ ಕಾಲಾ ಅಜಾರ್ ಎಂಬ ರೋಗವಿದೆ. ಮದರಾಸಿನಲ್ಲಿದ್ದ ಡಾಕ್ಟರ್ ಡೊನೊವಾನ್ 1903ರಲ್ಲಿ ಅದರ ಜೀವಿಯನ್ನು ಕಂಡರು. ಅದು ಬೇರೆ ಜೀವಿ, ಆದರೆ ಅಡಗುವ ಉಪಾಯ ಇಂಥದೇ. ಥೈಲೇರಿಯಾ ಮಾತ್ರ ದನದಿಂದ ಮನುಷ್ಯರಿಗೆ ಅಂಟುವುದಿಲ್ಲ, ಹೆದರಬೇಡಿರಿ.

ಇನ್ನು ಜವಾರಿ ಆಕಳ ಮಾತು. ಅದು ಕರುವಾಗಿದ್ದಾಗಲೇ ಉಣ್ಣಿ ಕಚ್ಚಿಸಿಕೊಂಡು, ಸಣ್ಣ ಜ್ವರ ಬಂದು ಹೋಗಿ, ಕಳ್ಳನ ಗುರುತು ಹಿಡಿದಿರುತ್ತದೆ. ತಲೆಮಾರುಗಳಿಂದ ಉಣ್ಣಿಯ ಜೊತೆ ಬಾಳಿದ ತಳಿಯಾದ್ದರಿಂದ ಅದರ ಮೈ ಹದವರಿತು ಹೋರಾಡುತ್ತದೆ. ಜೆರ್ಸಿ, ಎಚ್.ಎಫ್. ರಕ್ತದ ಆಕಳ ಮೈ ಮಿತಿಮೀರಿ ಕೆರಳುತ್ತದೆ. ಇಲಿಯ ಮೇಲಿನ ಸಿಟ್ಟಿಗೆ ಮನೆ ಸುಟ್ಟಂತೆ, ಆ ಕೆರಳಿಕೆಯೇ ಆಕಳನ್ನು ಕೆಡವುತ್ತದೆ. ಒಂದು ಮಾತು ನೆನಪಿಡಿರಿ: ಗುಣವಾದ ಜವಾರಿ ಆಕಳಲ್ಲಿಯೂ ಜೀವಿ ಸ್ವಲ್ಪ ಉಳಿದಿರುತ್ತದೆ. ಅದರಿಂದ ಉಣ್ಣಿಗೆ, ಉಣ್ಣಿಯಿಂದ ಪಕ್ಕದ ಆಕಳಿಗೆ ರೋಗ ದಾಟುತ್ತದೆ.

ಹಾಗಾದರೆ ಮಿಶ್ರ ತಳಿ ಬೇಡವೆ? ಹಾಗಲ್ಲ. ಸಾಕುವ ಕ್ರಮ ತಿಳಿದಿರಬೇಕು.

ಮೊದಲನೆಯದು, ಉಣ್ಣಿ ಕಚ್ಚಿದ ಕೂಡಲೆ ರೋಗ ದಾಟುವುದಿಲ್ಲ. ಅದರ ಜೊಲ್ಲಿನಲ್ಲಿ ಜೀವಿ ಬಲಿಯಲು ಸಾಮಾನ್ಯವಾಗಿ ಎರಡು ಮೂರು ದಿನ ಹಿಡಿಯುತ್ತದೆ. ಆದ್ದರಿಂದ ದಿನಾಲೂ ಹಾಲು ಹಿಂಡುವ ಮೊದಲು ಕೆಚ್ಚಲು, ತೊಡೆಯ ಸಂದು, ಬಾಲದ ಬುಡ, ಕಿವಿ ನೋಡಿರಿ. ಜವಾರಿ ಆಕಳನ್ನೂ ನೋಡಿರಿ. ಕಿತ್ತ ಉಣ್ಣಿಯನ್ನು ಕೈಯಿಂದ ಹಿಚುಕದೆ ಸೀಮೆಎಣ್ಣೆಯಲ್ಲಿ ಹಾಕಿರಿ. ಆಮೇಲೆ ಕೈ ತೊಳೆದು ಹಾಲಿಗೆ ಕೂಡಿರಿ.

ಎರಡನೆಯದು, ಈ ಉಣ್ಣಿ ಗೋಡೆಯ ಬಿರುಕಿನಲ್ಲಿ ಅಡಗಿ ತತ್ತಿ ಇಡುತ್ತದೆ. ರೋಣ, ನರಗುಂದದ ಮಣ್ಣಿನ ಗೋಡೆಯಾಗಲಿ, ಗಜೇಂದ್ರಗಡದ ಕಲ್ಲಿನ ಗೋಡೆಯಾಗಲಿ, ಬೇಸಿಗೆಗೆ ಮುಂಚೆ ಸಂದು ಮುಚ್ಚಿ ಸುಣ್ಣ ಬಳಿಯಿರಿ. ಉಣ್ಣಿ ಔಷಧವನ್ನು ವೈದ್ಯರು ಹೇಳಿದ ಅಳತೆಯಲ್ಲೇ ಹಚ್ಚಿರಿ. ಹೆಚ್ಚಾದರೆ ಅದು ವಿಷ.

ಮೂರನೆಯದು, ಈ ರೋಗಕ್ಕೆ ನಮ್ಮ ದೇಶದಲ್ಲೇ ತಯಾರಾದ ಲಸಿಕೆಯುಂಟು. ಶಕ್ತಿ ಕುಂದಿಸಿದ ಜೀವಿಯನ್ನೇ ಕೊಟ್ಟು ಕಾವಲುಗಾರರಿಗೆ ಕಳ್ಳನ ಗುರುತು ಕಲಿಸುವ ಉಪಾಯವಿದು. ಅದನ್ನು ಅತಿ ತಂಪಿನಲ್ಲಿ ಕಾಯ್ದಿಡಬೇಕು, ಅಂಗಡಿಯಲ್ಲಿ ಕೊಳ್ಳುವಂಥದಲ್ಲ. ಯಾವ ದನಕ್ಕೆ, ಯಾವಾಗ ಎಂಬುದನ್ನು ಪಶು ಆಸ್ಪತ್ರೆಯಲ್ಲಿ ಮುಂಚೆಯೇ ವಿಚಾರಿಸಿರಿ.

ನಾಲ್ಕನೆಯದು, ಕಾವು 104 ಡಿಗ್ರಿ ದಾಟಿ, ಗಂಟು ಎದ್ದು, ಹಾಲು ಇಳಿದರೆ ಅಂದೇ ವೈದ್ಯರನ್ನು ಕರೆಯಿರಿ, ಇಲ್ಲವೆ 1962ಕ್ಕೆ ಫೋನ್ ಮಾಡಿರಿ. ಬುಪಾರ್ವಾಕ್ವೋನ್ ಎಂಬ ಸೂಜಿಮದ್ದು ಮೊದಲಲ್ಲೇ ಬಿದ್ದರೆ ಆಕಳು ಉಳಿಯುವ ಸಂಭವ ಹೆಚ್ಚು. ರಕ್ತ ಬತ್ತಿದ ಮೇಲೆ ಕಷ್ಟ.

ಆ ತಾಯಿ ಈ ವರ್ಷ ಮೊದಲು ಗೋಡೆಯ ಸಂದು ಮುಚ್ಚಿಸಿ, ಆಮೇಲೆ ಇನ್ನೊಂದು ಆಕಳು ಕಟ್ಟಿದ್ದಾರೆ. ಮೊನ್ನೆ ಹೋದಾಗ ಹೇಳಿದರು: "ಈಗ ಚರಗಿ ಹಿಡಿಯೂಕಿಂತ ಮೊದಲ ಉಣ್ಣಿ ಹುಡುಕ್ತೀನ್ರಿ, ಸಾಹೇಬ್ರ." ನೀವೂ ಹಾಗೆಯೇ ಮಾಡಿರೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.