ಮನೆಯ ಸಿಂಗಾರ

(ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಸದ್ಭಕ್ತರ ಸಭೆಯಲ್ಲಿ ನೀಡಿದ ಆಶೀರ್ವಚನ)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದ ಹಿರಿಯರು ಇಂದು ಇದ್ದಿದ್ದರೆ ಅದಕ್ಕೆ ಮೂರನೆಯದೊಂದನ್ನು ಸೇರಿಸುತ್ತಿದ್ದರೇನೋ: ಕಟ್ಟಿದ ಮನೆಯನ್ನು ಸಿಂಗರಿಸಿ ನೋಡು. ಈ ಭಾಗದ ಊರುಗಳಿಗೆ ನಾವು ಬಿನ್ನಹಕ್ಕೆ ಹೋದಾಗ ಈಗೀಗ ಮೊದಲು ಕಿವಿಗೆ ಬೀಳುವುದು ಮಳೆಯ ಮಾತಲ್ಲ, ಕೊಬ್ಬರಿ ಧಾರಣೆಯ ಮಾತೂ ಅಲ್ಲ. "ಬುದ್ಧೀ, ಮನೆ ಒಳಗೆಲ್ಲ ಹೊಸದಾಗಿ ಮಾಡಿಸಿದ್ದೇವೆ, ತಾವು ನೋಡಬೇಕು" ಎನ್ನುತ್ತಾರೆ. ನಾವೂ ನೋಡುತ್ತೇವೆ. ಇದ್ದ ಮಾಡಿನ ಕೆಳಗೆ ಇನ್ನೊಂದು ಹುಸಿ ಮಾಡು, ಅದರೊಳಗೆ ಅವಿಸಿಟ್ಟ ಬಣ್ಣಬಣ್ಣದ ದೀಪಗಳು, ಗೋಡೆಗೆ ಕಲ್ಲಿನಂತೆ ಕಾಣುವ ಕಾಗದ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳೆಯುವ ನೆಲ. ಅಂಥ ನೆಲದ ಮೇಲೆ ನಮ್ಮ ಪಾದುಕೆ ಜಾರಿ ಭಕ್ತರು ಹಿಡಿದುಕೊಂಡದ್ದೂ ಉಂಟು.

ಇದನ್ನು ನಾವು ಹಾಸ್ಯಕ್ಕೆ ಹೇಳುತ್ತಿಲ್ಲ. ಒಬ್ಬ ಯುವಕರು ನಮ್ಮೊಡನೆ ಬಹಳ ಮನಸ್ಸಿಟ್ಟು ಹೇಳಿದರು: "ಹೊರಗೆ ದಿನವೆಲ್ಲ ಒದ್ದಾಡಿ ಬರುತ್ತೇವೆ ಬುದ್ಧೀ, ಬಾಗಿಲು ದಾಟಿದರೆ ಬೇರೊಂದು ಲೋಕಕ್ಕೆ ಬಂದ ಹಾಗಿರಬೇಕು." ಈ ಆಸೆಯಲ್ಲಿ ತಪ್ಪೇನಿದೆ? ಅರಸೀಕೆರೆ ರೈಲು ಜಂಕ್ಷನ್ನಿನ ಊರು. ಬೆಂಗಳೂರಿನ ಕಡೆಗೆ, ಹುಬ್ಬಳ್ಳಿಯ ಕಡೆಗೆ, ಹಾಸನ ಮೈಸೂರಿನ ಕಡೆಗೆ ಹೊತ್ತು ಹುಟ್ಟುವ ಮುಂಚೆ ಹೊರಟು ರಾತ್ರಿ ಹಿಂದಿರುಗುವವರು ಇಲ್ಲಿದ್ದಾರೆ. ಮಂಡಿಯಲ್ಲಿ ನಿಂತು ಬಂದವನಿಗೆ, ಕಚೇರಿಯಲ್ಲಿ ಬೈಸಿಕೊಂಡು ಬಂದವನಿಗೆ, ಒಣಗುತ್ತಿರುವ ತೆಂಗಿನ ಗರಿಗಳನ್ನು ನೋಡಿ ಬಂದವನಿಗೆ ತಲೆ ಊರಲು ಒಂದು ಸ್ಥಳ ಬೇಡವೇ? ಹಕ್ಕಿ ಕೂಡ ಗೂಡಿನೊಳಗೆ ಮೆತ್ತನೆಯ ನಾರು, ಉದುರಿದ ಗರಿ ಹಾಸಿಕೊಳ್ಳುತ್ತದೆ. ಮನೆಯನ್ನು ಚೆಂದ ಮಾಡುವುದು ಭೋಗವೆಂದು ಹೇಳಲು ನಾವು ಇಲ್ಲಿಗೆ ಬಂದಿಲ್ಲ. ನಾವು ಕೇಳುವ ಪ್ರಶ್ನೆ ಒಂದೇ: ಆ ಬೇರೊಂದು ಲೋಕದಲ್ಲಿ ಯಾರು ಯಾರಿಗೆ ಜಾಗವಿದೆ?

ಅದೇ ಯುವಕರ ಮನೆಯಲ್ಲಿ ಪೂಜೆ ಮುಗಿದ ಮೇಲೆ, "ನಿಮ್ಮ ತಾಯಿಯವರು ಕಾಣಲಿಲ್ಲವಲ್ಲ" ಎಂದು ವಿಚಾರಿಸಿದೆವು. ಹಿತ್ತಿಲಿಗೆ ಕರೆದುಕೊಂಡು ಹೋದರು. ಮೊದಲು ತೆಂಗಿನಕಾಯಿ ತುಂಬುತ್ತಿದ್ದ ಕೊಟ್ಟಿಗೆಯಲ್ಲಿ ಆ ವೃದ್ಧೆಯ ಹುರಿಮಂಚ, ಎಲೆಯಡಿಕೆಯ ಸಂಚಿ, ಒಂದು ಟ್ರಂಕು. ಮಕ್ಕಳು ಕೆಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಾರೆ, ಔಷಧ ತರುತ್ತಾರೆ. ಆದರೆ ಹೊಸ ನೆಲದ ಮೇಲೆ ಆ ತಾಯಿ ಎರಡು ಸಲ ಜಾರಿದ್ದರು. ಹಳೆಯ ಮಂಚ ಹೊಸ ಪಡಸಾಲೆಗೆ ಒಪ್ಪುತ್ತಿರಲಿಲ್ಲ. ಎಲೆಯಡಿಕೆಯ ಕೆಂಪು ಗೋಡೆಗೆ ತಾಗೀತೆಂಬ ಭಯ ಬೇರೆ. "ಅದು ಅವರ ಮನೆ ಬುದ್ಧೀ, ಇದು ನನ್ನದು" ಎಂದು ಆ ತಾಯಿ ನಗುತ್ತಲೇ ಹೇಳಿದರು. ಆ ನಗು ನಮ್ಮನ್ನು ಬಹಳ ದಿನ ಕಾಡಿತು. ಗಂಡನೊಡನೆ ಇಟ್ಟಿಗೆ ಹೊತ್ತು ಆ ಮನೆ ಕಟ್ಟಿದವರು ಅವರೇ!

ಆ ಹೊತ್ತು ನಾವು ಮಗನಿಗೆ ಉಪದೇಶ ಮಾಡಲಿಲ್ಲ. "ನಿಮ್ಮೂರಿನಲ್ಲಿ ತೆಂಗಿನ ನಾರಿಗೇನು ಬರವೇ? ಬಾಗಿಲಿನಿಂದ ಬಚ್ಚಲಿನವರೆಗೆ ನಾರಿನ ಚಾಪೆ ಹಾಸಿರಿ, ಬೀದಿ ಕಾಣುವ ಕಿಟಕಿಯ ಕೆಳಗೆ ತಾಯಿಯ ಮಂಚ ಹಾಕಿರಿ" ಎಂದಷ್ಟೆ ಹೇಳಿದೆವು. ಮುಂದಿನ ಸಲ ಹೋದಾಗ ಚಾಪೆ ಬಿದ್ದಿತ್ತು, ಮಂಚವೂ ಒಳಗೆ ಬಂದಿತ್ತು. ಪಡಸಾಲೆಯ ಅಂದ ಸ್ವಲ್ಪ ಕೆಟ್ಟಿದೆ ಎಂದು ಮಗ ಒಪ್ಪಿಕೊಂಡರು. ಅದರ ಬಗ್ಗೆ ನಮ್ಮ ಅಭಿಪ್ರಾಯವನ್ನು ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ನೀವೆಲ್ಲ ಬೇಲೂರನ್ನು ನೋಡಿದವರು. ನೆಂಟರು ಬಂದಾಗಲೆಲ್ಲ ತೋರಿಸಿ ತೋರಿಸಿ ಬೇಸರವೂ ಬಂದಿರಬಹುದು. ಆದರೆ ಒಂದು ಸಂಗತಿಯನ್ನು ಗಮನಿಸಿದ್ದೀರೋ ಇಲ್ಲವೋ. ಚೆನ್ನಕೇಶವ ದೇವಾಲಯವನ್ನು ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ. ಆಗ ಅದರ ನವರಂಗ ಇಂದಿನಂತೆ ಮುಚ್ಚಿರಲಿಲ್ಲ. ಕಂಬಗಳ ನಡುವೆ ಗೋಡೆಯಿಲ್ಲದ ಬಯಲು ಮಂಟಪವಾಗಿತ್ತು, ಗಾಳಿ ಬಿಸಿಲು ಎಲ್ಲ ನೇರವಾಗಿ ಒಳಗೆ ಬರುತ್ತಿದ್ದವು. ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳ. 1173ರಿಂದ 1220ರವರೆಗೆ ಆಳಿದವನು. ಅವನ ಕಾಲದಲ್ಲಿ ಕಂಬಗಳ ನಡುವೆ ಜಾಲಂಧ್ರಗಳನ್ನು ಕೂರಿಸಿ, ಬಾಗಿಲುಗಳನ್ನು ಇಡಿಸಿದರು. ಅಜ್ಜ ಕಟ್ಟಿದ್ದನ್ನು ಮೊಮ್ಮಗ ಕೆಡವಲಿಲ್ಲ, ಒಂದು ಕಂಬವನ್ನೂ ಕೀಳಲಿಲ್ಲ. ಬೆಳಕನ್ನು ಸೋಸಿದ, ಅಷ್ಟೆ. ನೀವು ಜರಡಿಯಲ್ಲಿ ಹಿಟ್ಟು ಜಾಲಿಸುತ್ತೀರಲ್ಲ ತಾಯಂದಿರೇ, ಹಾಗೆ ಕಲ್ಲಿನ ಜರಡಿಯಲ್ಲಿ ಬಿಸಿಲನ್ನು ಜಾಲಿಸಿ ಒಳಗೆ ಬಿಟ್ಟ. ಹೊರಗಿನ ಝಳದಿಂದ ಬಂದವನ ಕಣ್ಣು ಮೊದಲು ಏನನ್ನೂ ಕಾಣುವುದಿಲ್ಲ. ನಿಧಾನವಾಗಿ ಒಂದೊಂದೇ ಕಂಬ ಎದ್ದು ಬರುತ್ತದೆ. ಧ್ವನಿ ತಾನಾಗಿ ತಗ್ಗುತ್ತದೆ. ಆ ಯುವಕರು ಕೇಳಿದ ಬೇರೊಂದು ಲೋಕ ಇದೇ ಅಲ್ಲವೇ? ಎಂಟು ನೂರು ವರ್ಷಕ್ಕೂ ಹಿಂದೆ ಅದನ್ನು ಮಾಡಿದ್ದು ಹೊಸ ಸಾಮಾನು ತುಂಬಿ ಅಲ್ಲ. ನಿಮ್ಮ ಮನೆಯಲ್ಲಿ ಪಡುವಣದ ಕಿಟಕಿಗೆ ಒಂದು ಬಿದಿರಿನ ತಟ್ಟಿಯನ್ನೋ ಲಾವಂಚದ ಪರದೆಯನ್ನೋ ಕಟ್ಟಿ ನೋಡಿರಿ. ಲಾವಂಚಕ್ಕೆ ನೀರು ಚಿಮುಕಿಸಿದರೆ ಗಾಳಿ ತಂಪಾಗಿ ಬರುತ್ತದೆ, ವಾಸನೆಯೂ ಬರುತ್ತದೆ. ವೀರಬಲ್ಲಾಳನಿಗೆ ಆದಷ್ಟು ಖರ್ಚು ನಿಮಗೆ ಆಗುವುದಿಲ್ಲ.

ಹಳೇಬೀಡಿಗೆ ಬನ್ನಿ. 1121ರಲ್ಲಿ ಕಟ್ಟಲು ತೊಡಗಿದ ಹೊಯ್ಸಳೇಶ್ವರನ ಗುಡಿಯ ಹೊರಗೋಡೆಯನ್ನು ಒಮ್ಮೆ ಬುಡದಿಂದ ನೋಡುತ್ತ ಹೋಗಿರಿ. ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಬಳ್ಳಿಗಳು, ಕುದುರೆ ಸವಾರರು, ರಾಮಾಯಣ ಮಹಾಭಾರತದ ಯುದ್ಧಗಳು, ಮಕರ, ಹಂಸ. ಲೋಕದ ಗದ್ದಲವೆಲ್ಲ ಅಲ್ಲಿದೆ. ಆದರೆ ಅದೆಲ್ಲ ಗೋಡೆಯ ಹೊರಮೈಯಲ್ಲಿದೆ. ಗರ್ಭಗುಡಿಗೆ ಹೋದಂತೆ ಕೆತ್ತನೆ ಕಡಿಮೆಯಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ, ಕೊನೆಗೆ ಉಳಿಯುವುದು ಒಂದು ಹಣತೆ. ಲೋಕವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಆ ಶಿಲ್ಪಿಗಳಿಗೆ ತಿಳಿದಿತ್ತು. ನಾವು ಈಗ ಮಾಡುತ್ತಿರುವುದು ತಿರುಗುಮುರುಗು. ಹೊರಗೋಡೆಗೆ ಒಂದು ಸಾದಾ ಬಣ್ಣ ಬಳಿದು, ಜಗತ್ತಿನ ಆನೆ ಕುದುರೆ ಯುದ್ಧಗಳನ್ನೆಲ್ಲ ನಡುಮನೆಗೆ ತಂದು ಗೋಡೆಯಗಲದ ಟಿವಿಯಲ್ಲಿ ರಾತ್ರಿ ಹನ್ನೊಂದರವರೆಗೆ ಓಡಿಸುತ್ತೇವೆ. ಅದು ನಿಂತರೆ ಕೈಯಲ್ಲಿ ಮೊಬೈಲು. ಆಮೇಲೆ ಮನೆಯಲ್ಲಿ ಶಾಂತಿಯಿಲ್ಲ ಎಂದು ಮಠಕ್ಕೆ ಬರುತ್ತೀರಿ!

ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮಗೆಲ್ಲ ಸಂತೋಷ. ಆದರೆ ಆ ಪಟ್ಟಿಗೆ ಸೇರಿಸಲು ಹೊಯ್ಸಳರ ಅರಮನೆಯೊಂದೂ ಉಳಿದಿರಲಿಲ್ಲ ಎಂಬುದನ್ನೂ ಮರೆಯಬಾರದು. ದೋರಸಮುದ್ರದ ಅರಮನೆಯ ಒಳಾಂಗಣ ಎಷ್ಟು ವೈಭವದ್ದಾಗಿತ್ತೋ! 1311ರಲ್ಲಿ ಮಲಿಕ್ ಕಾಫರನ ದಂಡು ಬಂತು, ಮುಂದೆ ಊರೇ ಹಳೆಯ ಬೀಡಾಯಿತು. ಬೀಡು ಎಂದರೆ ವಾಸಸ್ಥಾನ. ಹಳೆಯ ಮನೆ ಎಂಬುದೇ ಊರಿನ ಹೆಸರು.

ಇನ್ನು ಅರಸೀಕೆರೆಯವರು ನಮ್ಮ ಊರನ್ನು ಬಿಟ್ಟರಲ್ಲ ಎಂದುಕೊಳ್ಳಬೇಡಿ. ನಿಮ್ಮ ಈಶ್ವರ ದೇವಾಲಯ 1220ರ ಹೊತ್ತಿನದು, ಅದೇ ವೀರಬಲ್ಲಾಳನ ಆಳ್ವಿಕೆಯ ಕೊನೆಗಾಲ. ಅದರ ಮುಖಮಂಟಪ ನಕ್ಷತ್ರದಾಕಾರದ್ದು, ಮೇಲೆ ಗುಮ್ಮಟದಂತೆ ಕೊರೆದ ಮಾಡು. ದುಂಡಗಿನ ಮಂಟಪದಲ್ಲಿ ಸುತ್ತಲೂ ಕುಳಿತರೆ ಏನಾಗುತ್ತದೆ? ಒಬ್ಬರ ಮುಖ ಒಬ್ಬರಿಗೆ ಕಾಣುತ್ತದೆ. ಈಗ ನಿಮ್ಮ ಮನೆಯ ಆಸನಗಳು ಹೇಗಿವೆ ಎಂದು ನೆನಪು ಮಾಡಿಕೊಳ್ಳಿ. ಎಲ್ಲವೂ ಒಂದೇ ಗೋಡೆಯ ಕಡೆಗೆ ಮುಖ ಮಾಡಿ, ಸಿನಿಮಾ ಟಾಕೀಸಿನಂತೆ. ಗಂಡ ಹೆಂಡತಿ ಮಾತಾಡಬೇಕಾದರೆ ಕತ್ತು ಹೊರಳಿಸಬೇಕು. ಎರಡು ಕುರ್ಚಿಗಳನ್ನು ಎದುರುಬದುರು ತಿರುಗಿಸಲು ಯಾವ ಗುತ್ತಿಗೆದಾರನೂ ಬೇಕಿಲ್ಲ, ಬ್ಯಾಂಕಿನ ಸಾಲವೂ ಬೇಕಿಲ್ಲ.

ಸಾಲದ ಮಾತು ಬಂತು. ತೋಟವನ್ನು ಅಡವಿಟ್ಟು ಪಡಸಾಲೆಯನ್ನು ಸಿಂಗರಿಸಿದವರನ್ನು ನಾವು ಕಂಡಿದ್ದೇವೆ. ನುಸಿ ಪೀಡೆಯ ವರ್ಷಗಳನ್ನು, ಬರದ ವರ್ಷಗಳನ್ನು ಕಂಡ ಜನ ನೀವು. ತೆಂಗು ಕೈಕೊಟ್ಟರೆ ಕಂತು ಕಟ್ಟುವುದು ಎಲ್ಲಿಂದ? ಯಾವ ಲೋಕದಿಂದ ತಪ್ಪಿಸಿಕೊಳ್ಳಲು ಮನೆಯನ್ನು ಸಿಂಗರಿಸಿದರೋ ಅದೇ ಲೋಕ ತಿಂಗಳು ತಿಂಗಳು ಬಾಗಿಲು ತಟ್ಟುತ್ತದೆ. ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ, ಲೆಕ್ಕ ನಿಮಗೇ ಚೆನ್ನಾಗಿ ಬರುತ್ತದೆ.

ನಮ್ಮ ಹಿರಿಯರು ಮನೆಯನ್ನು ಸಿಂಗರಿಸುತ್ತಿರಲಿಲ್ಲವೇ? ಪ್ರತಿ ವರ್ಷ ಸಿಂಗರಿಸುತ್ತಿದ್ದರು! ಯುಗಾದಿಗೆ ಮುಂಚೆ, ದೀಪಾವಳಿಗೆ ಮುಂಚೆ ಸಾರಣೆ ಕಾರಣೆ. ಸುಣ್ಣದ ಕಲ್ಲನ್ನು ಸುಟ್ಟು, ನೀರು ಹಾಕಿದಾಗ ಅದು ಕೊತಕೊತ ಕುದಿಯುವುದನ್ನು ಮಕ್ಕಳು ದೂರದಲ್ಲಿ ನಿಂತು ಬೆರಗಿನಿಂದ ನೋಡುತ್ತಿದ್ದವು. ಗೋಡೆಗೆ ಬಳಿದ ಆ ಸುಣ್ಣ ಗಾಳಿಯಿಂದ ಇಂಗಾಲಾಮ್ಲವನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಹುಳುಹುಪ್ಪಟೆಗೆ, ಬೂಷ್ಟಿಗೆ ಸುಣ್ಣದ ಗೋಡೆ ಒಗ್ಗುವುದಿಲ್ಲ. ಮಣ್ಣಿನ ಗೋಡೆಗೆ ಉಸಿರಾಡಲು ಅದು ಬಿಡುತ್ತದೆ, ಇಂದಿನ ಪ್ಲಾಸ್ಟಿಕ್ ಬಣ್ಣ ಬಿಡುವುದಿಲ್ಲ. ಕಿಟಕಿ ಚಿಕ್ಕದಾದ ಮನೆಯಲ್ಲಿ ಸಂಜೆಯ ಒಂದು ದೀಪದ ಬೆಳಕನ್ನು ಬಿಳಿಯ ಗೋಡೆ ಇಮ್ಮಡಿಸಿ ಕೊಡುತ್ತಿತ್ತು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಹೊಸ್ತಿಲಿಗೆ ರಂಗೋಲಿ. ಪಕ್ಕದ ಶಿವಮೊಗ್ಗ ಸೀಮೆಯ ದೀವರ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚದಿಂದ ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಯಾವ ಅಂಗಡಿಯಲ್ಲಿ ಸಿಕ್ಕೀತು ಆ ಕಾಗದ? ಇದೆಲ್ಲ ಮನೆಯವರ ಕೈಯಿಂದಲೇ ಆಗುತ್ತಿತ್ತು. ತಾನು ಬಳಿದ ಗೋಡೆಗೆ ಒರಗಿ ಕುಳಿತಾಗ ಆಗುವ ನೆಮ್ಮದಿಯೇ ಬೇರೆ. ಕೂಲಿ ಕೊಟ್ಟು ಬಳಿಸಿದ ಗೋಡೆಗೆ ಒರಗಲು ಮನೆಯವರೇ ಹೆದರುತ್ತಾರೆ.

ಆದರೆ ಹಳೆಯದನ್ನೆಲ್ಲ ಹೊಗಳುವವರು ನಾವಲ್ಲ. ಹಳೆಯ ಮನೆಯಲ್ಲಿ ಜಗಲಿ ಗಂಡಸರದು, ಪಡಸಾಲೆ ಗಂಡಸರದು. ತೊಟ್ಟಿಯ ಬೆಳಕು ಗಾಳಿ ಎಲ್ಲರಿಗೂ ಇತ್ತೆನ್ನೋಣ. ಅಡಿಗೆಮನೆ ಮಾತ್ರ ಹಿಂದುಗಡೆ, ಕತ್ತಲಲ್ಲಿ, ಹೊಗೆಯಲ್ಲಿ. ಮನೆಯನ್ನು ನೆಮ್ಮದಿಯ ತಾಣವಾಗಿ ಮಾಡುತ್ತಿದ್ದ ತಾಯಿಗೆ ಆ ಮನೆಯಲ್ಲಿ ಸಿಕ್ಕಿದ್ದು ಕೆಂಪಾದ ಕಣ್ಣು ಮತ್ತು ಕೆಮ್ಮು. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಸ್ತ್ರ ಎಂಬ ವಿಭಾಗ ಆರಂಭವಾಯಿತು. ಅಲ್ಲಿಯ ವಿಜ್ಞಾನಿಗಳು ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಒಲೆಯನ್ನು ಮಾಡಿದರು. ಅಸ್ತ್ರ ಒಲೆ ಎಂದರೆ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಹೊಳೆಯುವ ವಸ್ತುವೇನಲ್ಲ, ಮಣ್ಣಿನದು. ನಮ್ಮ ದೃಷ್ಟಿಯಲ್ಲಿ ಕಳೆದ ಶತಮಾನದಲ್ಲಿ ಹಳ್ಳಿಮನೆಗೆ ಬಂದ ಅತಿ ದೊಡ್ಡ ಅಲಂಕಾರಗಳಲ್ಲಿ ಅದೂ ಒಂದು. ಈಗ ಗ್ಯಾಸು ಬಂದಿದೆ, ಹೊಗೆ ಕಡಿಮೆಯಾಗಿದೆ. ಆದರೂ ಅಡಿಗೆಮನೆಯಲ್ಲಿ ಕುಳಿತುಕೊಳ್ಳಲು ಒಂದು ಆಸನವಿರುವ ಮನೆಗಳು ಎಷ್ಟು? ನಾವು ಕಂಡಂತೆ ಬಹಳ ಕಡಿಮೆ. ಲಕ್ಷಗಟ್ಟಲೆ ಹಾಕಿದ ಮನೆಯಲ್ಲೂ ಸೊಸೆ ನಿಂತೇ ಇರುತ್ತಾಳೆ. ಹಿತ್ತಿಲ ಕಡೆ ಮಲ್ಲಿಗೆಯ ಬಳ್ಳಿ ಕಾಣುವ ಹಾಗೆ ಒಂದು ಕಿಟಕಿ, ಅದರ ಕೆಳಗೆ ಒಂದು ಕಟ್ಟೆ. ಅವಳ ಲೋಕ ಅಲ್ಲಿಂದ ಶುರುವಾಗುತ್ತದೆ.

ಬೇಲೂರಿನ ಗುಡಿ ಎದ್ದ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯೂ ಇತ್ತು. ಅದರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಅವರ ಪತ್ನಿ ಲಕ್ಕಮ್ಮನವರು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಬೇರೆ ಯಾರಾದರೂ ಆಗಿದ್ದರೆ ಒಳಗೆ ತೆಗೆದಿಟ್ಟುಕೊಳ್ಳುತ್ತಿದ್ದರು. ಲಕ್ಕಮ್ಮನವರು ಬಾಗಿಲಲ್ಲೇ ತಡೆದು, ಹೆಚ್ಚಾದದ್ದನ್ನು ಅಲ್ಲಿಗೇ ಹಿಂದಿರುಗಿಸಿ ಬರಲು ಕಳಿಸಿದರು. ಈ ಪ್ರಸಂಗವನ್ನು ಕಾಯಕದ ದೃಷ್ಟಾಂತವಾಗಿ ನೀವು ಎಷ್ಟೋ ಸಲ ಕೇಳಿದ್ದೀರಿ. ಇಂದು ಅದನ್ನು ಮನೆಯ ದೃಷ್ಟಿಯಿಂದ ನೋಡಿರಿ. ಆ ಗುಡಿಸಲಿನಲ್ಲಿ ಏನು ಇರಬೇಕು, ಏನು ಇರಬಾರದು ಎಂದು ತೀರ್ಮಾನಿಸುವ ಅಧಿಕಾರ ಯಾರದಾಗಿತ್ತು? ಹೆಂಡತಿಯದು. ಗಂಡ ಒಂದು ಮಾತಾಡದೆ ಹಿಂದಿರುಗಿ ಹೋದರು. ಇಂದು ಮನೆಯ ನಕ್ಷೆಯನ್ನು ಗಂಡಸರು, ಗುತ್ತಿಗೆದಾರರು ಸೇರಿ ಮಾಡುತ್ತಾರೆ, ಪರದೆಯ ಬಣ್ಣ ಯಾವುದಿರಲಿ ಎಂದು ಮಾತ್ರ ತಾಯಂದಿರನ್ನು ಕೇಳುತ್ತಾರೆ.

ಮಕ್ಕಳನ್ನು ಮರೆತೆವೆಂದು ತಿಳಿಯಬೇಡಿ. ಮಕ್ಕಳಿಗೆ ಇಂದ್ರಜಾಲದ ಮನೆ ಮಾಡಲು ಬಹಳ ಬೇಕಾಗಿಲ್ಲ. ಹಳೆಯ ಮನೆಯಲ್ಲಿ ಅಟ್ಟವಿತ್ತು. ಏಣಿ ಹತ್ತಿದರೆ ಕತ್ತಲು, ಹೆಂಚಿನ ಸಂದಿಯಿಂದ ಇಳಿದ ಬಿಸಿಲಕೋಲು, ಅದರಲ್ಲಿ ಕುಣಿಯುವ ಧೂಳು, ಮೂಲೆಯಲ್ಲಿ ಅಜ್ಜನ ಕಾಲದ ತೊಟ್ಟಿಲು. ಈಗಲೂ ಮಂಚದ ಕೆಳಗೆ ಒಂದು ಹಳೆಯ ಸೀರೆಯನ್ನು ಇಳಿಬಿಟ್ಟು ಕೊಡಿ, ಮಗು ಅಲ್ಲಿ ಸಾಮ್ರಾಜ್ಯ ಕಟ್ಟುತ್ತದೆ. ಗಲೀಜಾಗುತ್ತದೆ ಎಂದು ಗದರಿಸಬೇಡಿ.

ಬರುವ ಯುಗಾದಿಗೆ ನಿಮ್ಮಲ್ಲಿ ಹಲವರು ಮನೆಗೆ ಸುಣ್ಣ ಬಣ್ಣ ಮಾಡಿಸುತ್ತೀರಿ. ಅದಕ್ಕೆ ಮೊದಲು ಒಂದು ಸಂಜೆ ಮನೆಯವರೆಲ್ಲ ಕುಳಿತು ಒಬ್ಬೊಬ್ಬರನ್ನೂ ಕೇಳಿರಿ: ಈ ಮನೆಯಲ್ಲಿ ನಿನಗೆ ತುಂಬ ಹಿತವಾಗುವ ಜಾಗ ಯಾವುದು? ಮಕ್ಕಳು ಥಟ್ಟನೆ ಹೇಳುತ್ತವೆ. ಯಜಮಾನರು ಸ್ವಲ್ಪ ಯೋಚಿಸಿ ಹೇಳುತ್ತಾರೆ. ಯಾರು ಸುಮ್ಮನೆ ಕುಳಿತಿರುತ್ತಾರೋ ಅವರ ಮೂಲೆಯಿಂದ ಕೆಲಸ ಆರಂಭಿಸಿರಿ. ಅಟ್ಟದಿಂದ ಇಳಿಸಿದ ತೊಟ್ಟಿಲು, ಒನಕೆ, ಬೀಸುವ ಕಲ್ಲುಗಳನ್ನು ಗುಜರಿಯವನ ಗಾಡಿಗೆ ಹಾಕುವ ಮೊದಲು ಮನೆಯ ಅಜ್ಜಿಗೆ ಒಮ್ಮೆ ತೋರಿಸಿರಿ.